911ಕ್ಕೆ ಕರೆ ಮಾಡಿದರೆ ಮೊದಲು ವಿಳಾಸ ಹೇಳಿ: ಅಮೆರಿಕಕ್ಕೆ ಹೊಸದಾಗಿ ಬಂದ ಕರಾವಳಿಯವರಿಗೆ

ಉಡುಪಿ, ಮಂಗಳೂರಿನಲ್ಲಿ ನಾವು ವಿಳಾಸ ಹೇಳುವುದೇ ಗುರುತಿನ ಮೇಲೆ: ಕಲ್ಸಂಕ ದಾಟಿ ಎಡಕ್ಕೆ, ಜ್ಯೋತಿ ಸರ್ಕಲ್ ಹತ್ತಿರ, ಕೊನೆಗೆ ಮನೆಯ ಹೆಸರು. ಅಮೆರಿಕದಲ್ಲಿ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಒಂದೇ ತುರ್ತು ನಂಬರ್ ಆದ 911ಕ್ಕೆ ಇದು ಸಾಲದು. ಮನೆ ನಂಬರ್, ರಸ್ತೆ, ಊರು, ಅಪಾರ್ಟ್‌ಮೆಂಟ್ ನಂಬರ್, ಮಹಡಿ ಬಾಯಿಪಾಠ ಇರಲಿ. ಏನಾಯಿತು ಎಂಬುದು ಆಮೇಲೆ. ನಡುವೆ ಕರೆ ಕಡಿದುಹೋದರೂ ಎಲ್ಲಿಗೆ ಬರಬೇಕೆಂದು ಅವರಿಗೆ ಗೊತ್ತಿರುತ್ತದೆ.

ಮೊಬೈಲೇ ಜಾಗ ತೋರಿಸುತ್ತದಲ್ಲ ಅನ್ನುವವರಿದ್ದಾರೆ. ತೋರಿಸುತ್ತದೆ, ಬಾಗಿಲನ್ನಲ್ಲ. ಕರೆ ಎತ್ತಿದ ಕೂಡಲೇ ಅವರಿಗೆ ಎಷ್ಟೋ ಸಲ ಟವರಿನ ಜಾಗ ಮಾತ್ರ ಕಾಣುತ್ತದೆ. ಜಿಪಿಎಸ್, ವೈಫೈ ಹಿಡಿದು ಲೆಕ್ಕ ಹಾಕಿದ ಜಾಗ ಬರಲು ಇನ್ನೂ ಕೆಲವು ಸೆಕೆಂಡು ಬೇಕು. ಮೊಬೈಲ್ ಕಂಪೆನಿಗಳಿಗೆ ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಹಾಕಿದ ಅಳತೆಯೇ ಶೇ. 80ರಷ್ಟು ಕರೆಗಳಿಗೆ ಜಾಗ 50 ಮೀಟರಿನೊಳಗೆ ಸಿಗಬೇಕು ಎಂಬುದು. ಅಷ್ಟರೊಳಗೆ ಎರಡು ಕಟ್ಟಡ, ಹತ್ತಾರು ಮನೆ ಇರಬಹುದು. ಬೇಸ್‌ಮೆಂಟಿನಲ್ಲಿ ಜಿಪಿಎಸ್ ಸಿಗುವುದೇ ಕಷ್ಟ. ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಗಡಿಯಲ್ಲಿದ್ದರೆ ಕರೆ ಪಕ್ಕದ ಕೌಂಟಿಯ 911 ಕೇಂದ್ರಕ್ಕೆ ಹೋಗುವುದೂ ಉಂಟು. ಅವರು ವರ್ಗಾಯಿಸುತ್ತಾರೆ, ಫೋನ್ ಇಡಬೇಡಿ. ಕೈತಪ್ಪಿ ಕರೆ ಹೋದರೂ ಹಾಗೇ: ತಪ್ಪಾಯಿತೆಂದು ಹೇಳಿಯೇ ಇಡಿ. ಸುಮ್ಮನೆ ಕಡಿದರೆ ತಿರುಗಿ ಕರೆ ಮಾಡುತ್ತಾರೆ, ಪೊಲೀಸರನ್ನೂ ಕಳುಹಿಸಬಹುದು.

ಹೊಸಬರು ಎಡವುವ ಇನ್ನೊಂದು ಜಾಗ ವೈಫೈ ಕಾಲಿಂಗ್, ಅಂದರೆ ಟವರಿನ ಬದಲು ವೈಫೈ ಮೂಲಕ ಕರೆ ಹೋಗುವ ಸೌಲಭ್ಯ. ಅದನ್ನು ಆನ್ ಮಾಡುವಾಗ ಒಂದು ತುರ್ತು ವಿಳಾಸ ಕೇಳುತ್ತದೆ; ವೈಫೈಯಿಂದ 911ಕ್ಕೆ ಕರೆ ಹೋದಾಗ ಆ ಹಳೆಯ ವಿಳಾಸವೇ ಅವರಿಗೆ ಕಾಣಬಹುದು. ಬಂದ ತಿಂಗಳು ಹೋಟೆಲ್, ಆಮೇಲೆ ಗೆಳೆಯರ ಮನೆ, ಆಮೇಲೆ ಬಾಡಿಗೆ ಮನೆ. ಫೋನಿನೊಳಗೆ ಮಾತ್ರ ಇನ್ನೂ ಹೋಟೆಲ್! ಮನೆ ಬದಲಿಸಿದ ದಿನವೇ ಇದನ್ನೂ ಬದಲಿಸಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ಸೆಲ್ಯುಲರ್, ವೈಫೈ ಕಾಲಿಂಗ್, ಅದರೊಳಗೆ ‘ಅಪ್‌ಡೇಟ್ ಎಮರ್ಜೆನ್ಸಿ ಅಡ್ರೆಸ್’.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ವಿಳಾಸವನ್ನು ಕನ್ನಡ ಅಕ್ಷರದಲ್ಲಿ, ಓದಿದರೆ ಇಂಗ್ಲಿಷ್ ಆಗುವ ಹಾಗೆ ದಪ್ಪಗೆ ಬರೆಯಿರಿ: ‘ಫೋರ್ಟೀನ್ ಟ್ವೆಂಟಿ, ಓಕ್ ಸ್ಟ್ರೀಟ್, ಅಪಾರ್ಟ್‌ಮೆಂಟ್ ತ್ರೀ ಬಿ’. ಕೆಳಗೆ ‘ಕನ್ನಡ ಇಂಟರ್‌ಪ್ರಿಟರ್ ಪ್ಲೀಸ್’. ಅನೇಕ ಕೇಂದ್ರಗಳು ದುಭಾಷಿಯನ್ನು ಫೋನಿನಲ್ಲೇ ಜೋಡಿಸುತ್ತವೆ.

ಊರಲ್ಲಿರುವವರಿಗೂ ಒಂದು ಮಾತು ತಿಳಿಸಿ: ಉಡುಪಿಯಿಂದ 911 ಒತ್ತಿದರೆ ಕರೆ ಅಮೆರಿಕಕ್ಕೆ ಹೋಗುವುದಿಲ್ಲ. ಅಮೆರಿಕದಲ್ಲಿ ನೀವಿರುವ ಜಾಗದ ಪೊಲೀಸರ ಹತ್ತಂಕಿಯ ನಂಬರನ್ನು +1 ಸೇರಿಸಿ ಅವರ ಫೋನಿನಲ್ಲಿ ಹಾಕಿಕೊಡಿ. ಅಮೆರಿಕದಿಂದ ಒತ್ತಿದ ನಮ್ಮ ದೇಶದ ತುರ್ತು ನಂಬರ್ 112 ಕೂಡ ಊರಿನ ಮನೆಗೆ ಜನ ಕಳಿಸುವುದಿಲ್ಲ. ಅಲ್ಲಿನ ಮನೆಗೆ ಹತ್ತಿರದ ಠಾಣೆಯ, ಆಸ್ಪತ್ರೆಯ ಲ್ಯಾಂಡ್‌ಲೈನ್ ನಂಬರನ್ನು ಉಡುಪಿಯಾದರೆ +91 820, ಮಂಗಳೂರಾದರೆ +91 824 ಸೇರಿಸಿ ಇಟ್ಟುಕೊಳ್ಳಿ. ಕೋಡಿನ ಮುಂದಿನ ಸೊನ್ನೆ ಬೇಡ.