ಮೊಣಕೈ ಕೀಲಿಗೆ ಸ್ಕೋಪ್ ಹಾಕುವಾಗ

"ಕೈ ಮಡಿಸುವಾಗ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಡಾಕ್ಟ್ರೇ, ಕೊಡವಿದರೆ ಬಿಡುತ್ತೆ" ಎಂದರು ಆ ಬಡಗಿ. ಸ್ಕ್ಯಾನ್‌ನಲ್ಲಿ ಕೀಲಿನೊಳಗೆ ಮೂರು ಮೂಳೆ ಚೂರು ಕಂಡವು. ಎರಡು ಮುಂದೆ, ಒಂದು ಹಿಂದೆ. ಸಣ್ಣ ತೂತಿನಿಂದ ಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಬಿಟ್ಟು ಮಾಡುವ ಕೀಹೋಲ್ ಸರ್ಜರಿಗೆ ಇದಕ್ಕಿಂತ ಒಳ್ಳೆ ಕಾರಣ ಬೇಕಿಲ್ಲ.

ಆದರೆ ಮೊಣಕೈ ಮಂಡಿಯ ಹಾಗಲ್ಲ. ಜಾಗ ಕಿರಿದು, ಮೂರು ದೊಡ್ಡ ನರಗಳು ಪಕ್ಕದಲ್ಲೇ ಹಾದುಹೋಗುತ್ತವೆ. 1931ರಲ್ಲಿ ಅಮೆರಿಕದ ಮೈಕೆಲ್ ಬರ್ಮನ್ ಶವಗಳ ಮೇಲೆ ಪ್ರಯತ್ನಿಸಿ, ಈ ಕೀಲು ಸ್ಕೋಪಿಗೆ ಒಗ್ಗುವುದಿಲ್ಲ ಎಂದೇ ಬರೆದಿದ್ದರು. ಆ ಅಂಜಿಕೆ ಸುಮ್ನೆ ಬಂದದ್ದಲ್ಲ.

ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ತೋಳಿಗೆ ಆಸರೆ ಕೊಟ್ಟು, ಮೊಣಕೈಯನ್ನು 90 ಡಿಗ್ರಿ ಮಡಚಿ ಇಳಿಬಿಡುತ್ತೇನೆ. ಮೊದಲು ಹಿಡಿಯುವುದು ಮಾರ್ಕರ್ ಪೆನ್. ತಗುಲಿದರೆ ಕರೆಂಟ್ ಹೊಡೆದ ಹಾಗಾಗುತ್ತದೆ ಅಲ್ವಾ, ಆ ಅಲ್ನಾರ್ ನರದ ದಾರಿಯನ್ನು ಚರ್ಮದ ಮೇಲೆ ಬರೆಯುತ್ತೇನೆ. ಕೆಲವರಲ್ಲಿ ಕೈ ಮಡಚಿದಾಗ ಅದು ಜಾರಿ ಮುಂದೆ ಬರುತ್ತದೆ. ಮುಟ್ಟಿ ನೋಡದೆ ಒಳಬದಿಗೆ ಬ್ಲೇಡ್ ಇಡುವುದಿಲ್ಲ.

ಆಮೇಲೆ ಹೊರಬದಿಯ ಮೆತ್ತನೆ ಜಾಗದಲ್ಲಿ ಸೂಜಿ ಹಾಕಿ ಸುಮಾರು 25 ಮಿಲಿಲೀಟರ್ ಸಲೈನ್ ತುಂಬಿಸುತ್ತೇನೆ. ಕೀಲು ಉಬ್ಬಿದಂತೆ ಕೈ ತಾನಾಗಿ ತುಸು ಚಾಚಿಕೊಳ್ಳುತ್ತದೆ. ಮುಂದಿನ ನರಗಳು ಮೂಳೆಯಿಂದ ದೂರ ಸರಿಯುತ್ತವೆ. ಆದರೆ ಕೀಲಿನ ಪೊರೆಯಿಂದ ದೂರವಾಗುವುದಿಲ್ಲ! ಹಾಗಾಗಿ ಪೊರೆಯ ಹತ್ತಿರ ಶೇವರ್ (ತಿರುಗುವ ಬ್ಲೇಡಿನ ಕೊಳವೆ) ಓಡಿಸುವಾಗ ಅದರ ಸಕ್ಷನ್, ಅಂದರೆ ಒಳಗೆಳೆಯುವ ಹೀರಿಕೆ, ಬಂದ್.

ಬ್ಲೇಡ್ ಚರ್ಮಕ್ಕೆ ಮಾತ್ರ. ಅದರ ಕೆಳಗೆ ಸಣ್ಣ ಇಕ್ಕಳದಂಥ ಮಸ್ಕಿಟೋ ಫೋರ್ಸೆಪ್ಸ್‌ನಿಂದ ಬಿಡಿಸಿಕೊಂಡು, ದಾರಿ ಮಾಡುವ ಮೊಂಡು ತುದಿಯ ಕಡ್ಡಿ, ಅಂದರೆ ಟ್ರೋಕಾರ್ ಅನ್ನು ಮೂಳೆಗೆ ಒತ್ತಿಕೊಂಡೇ ಒಳಗೆ ಬಿಡುತ್ತೇನೆ. ಸ್ಕೋಪ್ 4 ಮಿಲಿಮೀಟರಿನದು, 30 ಡಿಗ್ರಿ ಓರೆ ನೋಟದ್ದು.

ಶುರುವಿನ ದಿನಗಳಲ್ಲಿ ಒಬ್ಬರಿಗೆ ಪದೇಪದೇ ಚುಚ್ಚಿ ಪೊರೆಯಲ್ಲಿ ತೂತು ಜಾಸ್ತಿಯಾಗಿತ್ತು. ನೀರು ಸೋರಿ ತೋಳು ಬಿಗಿದುಕೊಂಡಿತು, ಒಳಗೆ ಏನೂ ಕಾಣಲಿಲ್ಲ. ಅಲ್ಲಿಗೇ ನಿಲ್ಲಿಸಿದೆ. ಅವರಿಗೆ ಮತ್ತೊಮ್ಮೆ ಸರ್ಜರಿ ಬೇಕಾಯಿತು. ಅಂದಿನಿಂದ ನೀರಿನ ಒತ್ತಡ ಕಡಿಮೆ ಇಡುತ್ತೇನೆ, ಉಪಕರಣ ಹೋಗಿಬರುವ ಕೊಳವೆಯನ್ನು, ಅಂದರೆ ಕ್ಯಾನುಲಾವನ್ನು, ಒಮ್ಮೆ ಹಾಕಿದ ಮೇಲೆ ನಡುವೆ ತೆಗೆಯುವುದಿಲ್ಲ.

ಬಡಗಿಯ ದೊಡ್ಡ ಚೂರು ಕಡಲೆಕಾಯಿ ಬೀಜಕ್ಕಿಂತ ದಪ್ಪ ಇತ್ತು. ಹಿಡಿಯಲು ಹೋದರೆ ನೀರಿನಲ್ಲಿ ತೇಲಿ ತಪ್ಪಿಸಿಕೊಳ್ಳುತ್ತಿತ್ತು. ನೀರು ನಿಲ್ಲಿಸಿ, ಹಲ್ಲಿರುವ ಗ್ರಾಸ್ಪರ್‌ನಲ್ಲಿ ಕಚ್ಚಿಸಿ, ತೂತನ್ನು ಕೊಂಚ ಅಗಲ ಮಾಡಿ, ತಿರುಗಿಸುತ್ತಾ ತೆಗೆದೆ. ಜಗ್ಗಿದರೆ ಚರ್ಮದಡಿಯ ಕೊಬ್ಬಿನಲ್ಲಿ ಉಳಿದುಬಿಡುತ್ತದೆ.

ನೋವಿಗೆ ಕೈಯ ನರಗಳನ್ನು ಮರಗಟ್ಟಿಸುವ ಬ್ಲಾಕ್ ಇಂಜೆಕ್ಷನ್ ಅನ್ನು ನಾನು ಮೊದಲೇ ಕೊಡಿಸುವುದಿಲ್ಲ; ಕೊಟ್ಟರೆ ನರಗಳು ಸರಿಯಿವೆಯೇ ಎಂದು ನೋಡಲಾಗುವುದಿಲ್ಲ. ಬಡಗಿಗೆ ಎಚ್ಚರವಾದ ಮೇಲೆ ಬೆರಳು ಅಗಲಿಸಿ ಎಂದೆ. ಮಣಿಕಟ್ಟು ಮೇಲೆತ್ತಿ, ಹೆಬ್ಬೆರಳು ನೆಟ್ಟಗೆ ಮಾಡಿ ಎಂದೆ. ಎಲ್ಲ ಮಾಡಿದರು. ಆಗ ಬ್ಲಾಕ್ ಕೊಡಲು ಹೇಳಿದೆ.