ಅಡಿಕೆ ಧಾರಣೆಯ ಪರದೆಗೆ ಲಿಬ್‌ಕರ್ಲ್ ಟೈಮ್‌ಕಂಡಿಷನ್: ನನ್ನ ಅನುಭವ

ಬದಿಯಡ್ಕದ ಒಂದು ಅಡಿಕೆ ಅಂಗಡಿಗೆ ಧಾರಣೆ ತೋರಿಸುವ ಪರದೆ ಮಾಡಿಕೊಟ್ಟಿದ್ದೇನೆ. ಹಿಂದೆ ಇರುವುದು ಹಳೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ನೆಟ್ಟಿಗೆ ಒಂದು ಸಿಮ್ ಡಾಂಗಲ್. ಹೊಸತು, ಡಬ್ಬಲ್ ಚೋಲು, ಪಟೋರ, ಕರಿಗೋಟು ಎಲ್ಲ ತರದ ಅಡಿಕೆಯ ದರವೂ ಸರ್ವರಿನ ಒಂದೇ ಸಿಎಸ್‌ವಿ ಫೈಲಿನಲ್ಲಿ, ಹಿಂದಿನ ವರ್ಷಗಳ ದರ ಸಮೇತ, ಹತ್ತಿರ ಆರು ಎಂಬಿ. ಐದು ನಿಮಿಷಕ್ಕೊಮ್ಮೆ ಎಳೆದರೆ ದಿನದ 1 ಜಿಬಿ ಮಧ್ಯಾಹ್ನದ ಊಟದ ಹೊತ್ತಿಗೇ ಖಾಲಿ. ಆಮೇಲೆ ಬೂಸ್ಟರ್, ತಿಂಗಳಿಗೆ ಆರುನೂರೋ ಏಳುನೂರೋ ನನ್ನ ಕಿಸೆಯಿಂದ. ಫೈಲ್ ಇಳಿಸಲು ನಾನು ಬಳಸುವುದು ಲಿಬ್‌ಕರ್ಲ್ ಎಂಬ ಲೈಬ್ರರಿ. ಅದರ ಟೈಮ್‌ಕಂಡಿಷನ್ ಹಾಕಿದರೆ, "ಇಂಥ ಹೊತ್ತಿನ ಮೇಲೆ ಬದಲಾಗಿದ್ದರೆ ಮಾತ್ರ ಫೈಲ್ ಕೊಡು" ಎಂದು ಸರ್ವರಿಗೆ ಹೇಳುತ್ತದೆ; ಈ ಷರತ್ತಿಗೇ ಇಫ್-ಮಾಡಿಫೈಡ್-ಸಿನ್ಸ್ ಎನ್ನುವುದು.

ಬೆಂಗಳೂರಿನ ಭಾವ ನಕ್ಕಿದ್ದ. "ಗಂಟೆಗೊಮ್ಮೆ ಎಳೆ ಮಾರಾಯ. ಆ ಸರ್ವರ್ ಇಫ್-ಮಾಡಿಫೈಡ್-ಸಿನ್ಸ್‌ಗೆಲ್ಲ ಕ್ಯಾರೇ ಅನ್ನುವುದಿಲ್ಲ."

ಷರತ್ತಿನ ಹೊತ್ತನ್ನು ಹೇಳುವುದು ಟೈಮ್‌ವ್ಯಾಲ್ಯೂ. ಮೊದಲು ಅದಕ್ಕೆ ಪೈಯದ್ದೇ ಗಡಿಯಾರ ಕೊಟ್ಟು ನೋಡಿದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ, ಬ್ಯಾಟರಿ ಗಡಿಯಾರ ಇಲ್ಲದ ಪೈ ಯಾವುದೋ ಹಳೆಯ ಹೊತ್ತಿನಲ್ಲಿ ಏಳುತ್ತದೆ, ಫೈಲ್ ಪೂರ್ತಿ ಇಳಿಯುತ್ತದೆ. ಹಾಗಾಗಿ ಲಿಬ್‌ಕರ್ಲ್‌ನ ಫೈಲ್‌ಟೈಮ್ ಆನ್ ಮಾಡಿ, ಸರ್ವರ್ ಕೊಟ್ಟ ಲಾಸ್ಟ್-ಮಾಡಿಫೈಡನ್ನೇ (ಫೈಲ್ ಕೊನೆಗೆ ಬದಲಾದ ಹೊತ್ತು) ಉಳಿಸಿ ಮುಂದಿನ ಸಲ ಅದನ್ನೇ ಕೊಟ್ಟೆ. -1 ಬಂದರೆ ಹೊತ್ತು ಗೊತ್ತಿಲ್ಲ ಎಂದರ್ಥ, ಉಳಿಸಬೇಡಿ.

ಇನ್ನೊಂದು ಪೆಟ್ಟು: "ಬದಲಾಗಿಲ್ಲ" ಎಂದು ಸರ್ವರ್ ಕೊಡುವ 304 ಉತ್ತರದಲ್ಲಿ ಫೈಲಿನ ಒಳವಿಷಯ ಇರುವುದಿಲ್ಲ, ಆದರೆ ಬರೆಯಲು ಫೈಲ್ ತೆರೆಯುವ ಎಫ್‌ಓಪನ್ ಆಗಲೇ ಹಳೆ ಫೈಲನ್ನು ಸೊನ್ನೆ ಮಾಡಿರುತ್ತದೆ. ಪರದೆ ಖಾಲಿ, ಅಂಗಡಿಯವರ ಫೋನ್. ಈಗ ಟೆಂಪ್ ಫೈಲಿಗೆ ಬರೆದು, ಕಂಡಿಷನ್-ಅನ್‌ಮೆಟ್ (ಷರತ್ತು ಈಡೇರದಿದ್ದರೆ ಲಿಬ್‌ಕರ್ಲ್ 1 ಎನ್ನುತ್ತದೆ) 0 ಇದ್ದರೆ ಮಾತ್ರ ರೀನೇಮ್. ಡೌನ್‌ಲೋಡ್ ಅರ್ಧಕ್ಕೆ ಕಡಿದರೆ ಏನು ಮಾಡುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ.

ಭಾವ ಹೇಳಿದ್ದು ಅರ್ಧ ನಿಜವೇ. ಆ ಸರ್ವರ್ ಕೆಲವೊಮ್ಮೆ 304 ಕೊಡುತ್ತದೆ, ಕೆಲವೊಮ್ಮೆ ಷರತ್ತು ಲೆಕ್ಕಿಸದೆ 200 ಹೇಳಿ ಇಡೀ ಫೈಲನ್ನೇ ತಳ್ಳುತ್ತದೆ. ಆದರೆ ಲಿಬ್‌ಕರ್ಲ್ ತಾನೇ ಲಾಸ್ಟ್-ಮಾಡಿಫೈಡ್ ನೋಡಿ, ಹೊಸತಲ್ಲದಿದ್ದರೆ ಅಲ್ಲಿಗೇ ಕತ್ತರಿಸಿ 304 ಬಂದಂತೆಯೇ ತೋರಿಸುತ್ತದೆ! ಒಂದಷ್ಟು ಕೆಬಿ ಬಂದುಬಿಟ್ಟಿರುತ್ತದೆ, ಕನೆಕ್ಷನ್ನೂ ಮುಚ್ಚುತ್ತದೆ. ನನಗೇನೂ ನಷ್ಟವಿಲ್ಲ, ನಾನು ಕೇಳುವುದು ಐದು ನಿಮಿಷಕ್ಕೊಮ್ಮೆ, ಸುಮ್ಮನಿದ್ದ ಕನೆಕ್ಷನನ್ನು ಅದು ಹೇಗೂ 118 ಸೆಕೆಂಡಿನ ಮೇಲೆ ಮತ್ತೆ ಬಳಸುವುದಿಲ್ಲ.

ಫೈಲಿನ ಆವೃತ್ತಿಗೆ ಸರ್ವರ್ ಹಚ್ಚುವ ಗುರುತು, ಇಟ್ಯಾಗ್ ಕೂಡ ನೋಡಿದೆ. ಫೈಲ್ ಬದಲಾಗದಿದ್ದರೂ ಟ್ಯಾಗ್ ಬದಲಾಗುತ್ತಿತ್ತು, ಬಿಟ್ಟೆ. ಉಲ್ಟಾ ಷರತ್ತು ಇಫ್-ಅನ್‌ಮಾಡಿಫೈಡ್-ಸಿನ್ಸ್ (ಬದಲಾಗದಿದ್ದರೆ ಮಾತ್ರ ಕೊಡು) ಬರೇ ಕುತೂಹಲಕ್ಕೆ ಹಾಕಿದ್ದು, 412 ಬಂತು, ಷರತ್ತು ಈಡೇರಲಿಲ್ಲ ಎಂದು.

ಈಗ ದಿನಕ್ಕೆ ಅರುವತ್ತು ಎಂಬಿ ದಾಟಿದ್ದು ನೋಡಿಲ್ಲ. ಬೂಸ್ಟರ್ ನಿಂತಿದೆ. ಭಾವನ ಪಗಾರ ನನ್ನ ನಾಲ್ಕು ಪಟ್ಟು, ಆದರೂ ಮೊನ್ನೆ ಕೋಡ್ ಕೇಳಿದ. ರೀನೇಮ್ ತನಕದ್ದು ಕಳಿಸಿದ್ದೇನೆ.