ಮೂರನೇ ಗೇರಿಗೆ ಅಂಟಿಕೊಂಡ ಹಳೇ ಆಟೊಮ್ಯಾಟಿಕ್: ಮೀಟರ್ ಹಿಡಿದು ದೋಷ ಹುಡುಕಿದ್ದು

ಕೀ ಆಫ್ ಮಾಡಿ, ಸ್ವಲ್ಪ ತಡೆದು ಮತ್ತೆ ಸ್ಟಾರ್ಟ್ ಮಾಡಿದರೆ ನಿಮ್ಮ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಸರಿಹೋಗುತ್ತದೆಯೇ? ಹಾಗಿದ್ದರೆ ಅದನ್ನು ಕೆಳಗಿಳಿಸಲು ಸದ್ಯಕ್ಕೆ ಯಾರಿಗೂ ಒಪ್ಪಿಗೆ ಕೊಡಬೇಡಿ. ಸವೆದ ಕ್ಲಚ್ ಪ್ಲೇಟು ಕೀ ತಿರುಗಿಸಿದ ಮಾತ್ರಕ್ಕೆ ಹೊಸದಾಗುವುದಿಲ್ಲ. ಕೀ ತಿರುಗಿಸಿದರೆ ಹೊಸದಾಗಿ ಲೆಕ್ಕ ಶುರುಮಾಡುವುದು ಕಂಪ್ಯೂಟರು ಮಾತ್ರ.

ನನ್ನದು 2004ರ ಮಾಡೆಲ್, ನಾಲ್ಕು ಗೇರಿನ ಆಟೊಮ್ಯಾಟಿಕ್ ಪೆಟ್ರೋಲ್ ಕಾರು. ಮೈಸೂರಿನಲ್ಲಿ ಊರೊಳಗೆ ಓಡಿಸುವಾಗ ತಕರಾರಿಲ್ಲ. ಎಂಜಿನ್ ಚೆನ್ನಾಗಿ ಕಾದ ಮೇಲೆ, ಅದರಲ್ಲೂ ಚಾಮುಂಡಿ ಬೆಟ್ಟದ ಏರಿನಲ್ಲಿ, ಡ್ಯಾಶ್‌ಬೋರ್ಡಿನ ‘ಡಿ’ ದೀಪ ಮಿಣುಕಲು ಶುರುವಾಗುತ್ತಿತ್ತು. ಗಾಡಿ ಮೂರನೇ ಗೇರಿನಲ್ಲೇ ನಿಂತುಬಿಡುತ್ತಿತ್ತು. ಮೂರನೇ ಗೇರಿನಲ್ಲಿ ಏರು ಹತ್ತಿಸುವುದೆಂದರೆ ಎಂಜಿನ್ ಗುಂಯ್ಗುಡುತ್ತದೆ, ಗಾಡಿ ಮಾತ್ರ ತೆವಳುತ್ತದೆ, ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನೊಳಗೆ ಆ ಆಯಿಲ್ ಕಾಯುತ್ತದೆ. ಆ ಸ್ಥಿತಿಯಲ್ಲಿ ಹಟಕ್ಕೆ ಬಿದ್ದು ಓಡಿಸಿದರೆ ಇಲ್ಲದ ರೋಗವನ್ನೂ ತಂದುಕೊಂಡ ಹಾಗೆ.

ಗ್ಯಾರೇಜಿನಲ್ಲಿ ಸಿಕ್ಕ ಉತ್ತರ: “ಸರ್, ಗೇರ್‌ಬಾಕ್ಸ್ ಓವರ್‌ಹಾಲ್ ಮಾಡಿಸ್ಬೇಕು.” ಅಂದಾಜು ಕೇಳಿದರೆ ಕಾರನ್ನೇ ಮಾರಿದರೂ ಅಷ್ಟು ಹುಟ್ಟುವುದು ಅನುಮಾನ. ಇನ್ನೊಬ್ಬರು “ಟಿಸಿಯು ಹೋಗಿದೆ, ಬೇರೆ ಹಾಕೋಣ” ಎಂದರು. ಇಬ್ಬರೂ ಮಲ್ಟಿಮೀಟರ್ ಹಿಡಿದು ವೈರು ಅಳೆದಿರಲಿಲ್ಲ.

ಟಿಸಿಯು ಎಂದರೆ ಗೇರ್ ಬದಲಿಸುವ ಕಂಪ್ಯೂಟರ್. ಆಕ್ಸಿಲರೇಟರ್ ಎಷ್ಟು ಒತ್ತಿದೆ, ಗಾಡಿ ಎಷ್ಟು ವೇಗದಲ್ಲಿದೆ, ಆಯಿಲ್ ಎಷ್ಟು ಬಿಸಿ, ಲಿವರ್ ಎಲ್ಲಿದೆ ಎಂದು ಸೆನ್ಸರುಗಳಿಂದ ತಿಳಿದುಕೊಂಡು ಗೇರ್‌ಬಾಕ್ಸಿನೊಳಗಿನ ಸೊಲೆನಾಯ್ಡುಗಳಿಗೆ, ಅಂದರೆ ಆಯಿಲಿನ ದಾರಿ ತೆರೆದು ಮುಚ್ಚುವ ಕಾಯಿಲ್ ಸುತ್ತಿದ ವಾಲ್ವುಗಳಿಗೆ, ಕರೆಂಟ್ ಕೊಡುತ್ತದೆ. ಕೊಟ್ಟ ಕರೆಂಟು ಸರಿಯಾಗಿ ಹರಿಯಲಿಲ್ಲ ಎಂದು ಅನುಮಾನ ಬಂದರೆ ಎಲ್ಲ ಸೊಲೆನಾಯ್ಡುಗಳನ್ನೂ ಬಂದ್ ಮಾಡುತ್ತದೆ. ಆಗ ನನ್ನ ಗಾಡಿಯಲ್ಲಿ ಉಳಿಯುವುದು ಮೂರನೇ ಗೇರ್ ಒಂದೇ. ಅಂದರೆ ಅದು ಕೆಟ್ಟು ನಿಂತದ್ದಲ್ಲ, ಮನೆ ಮುಟ್ಟಿಸಲೆಂದು ತಾನೇ ಮಾಡಿಕೊಂಡ ಏರ್ಪಾಡು.

ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆ. ಎಂಜಿನ್ ಕಾದು ಐಡಲಿನಲ್ಲಿರುವಾಗ ಗೇರ್ ಆಯಿಲಿನ ಡಿಪ್‌ಸ್ಟಿಕ್ ತೆಗೆದು ನೋಡಿದೆ. ಮಟ್ಟ ಸರಿ, ಬಣ್ಣ ಇನ್ನೂ ಕೆಂಪು, ಸೀದ ವಾಸನೆ ಇಲ್ಲ. ಆಯಿಲ್ ಕಪ್ಪಾಗಿ ಸೀದಿದ್ದರೆ, ರಿವರ್ಸಿನಲ್ಲೂ ಜಾರುತ್ತಿದ್ದರೆ ನಾನು ಮುಂದೆ ಹೇಳುವುದೆಲ್ಲ ದಂಡ. ಆಗ ಗ್ಯಾರೇಜಿನವರ ಮಾತೇ ಸರಿ.

ಮುಂದೆ ಕೋಡ್, ಅಂದರೆ ಕಂಪ್ಯೂಟರ್ ನೆನಪಿಟ್ಟುಕೊಂಡ ದೋಷದ ನಂಬರು. ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ಈ ಗಾಡಿ ಮಾತೇ ಆಡಲಿಲ್ಲ. ಅದೇನು ಆಶ್ಚರ್ಯವಲ್ಲ. ನಮ್ಮಲ್ಲಿ ಕಾರುಗಳಿಗೆ ಒಬಿಡಿ (ಗಾಡಿಯೇ ತನ್ನ ದೋಷ ಹಿಡಿದು ತಿಳಿಸುವ ವ್ಯವಸ್ಥೆ) ಕಡ್ಡಾಯವಾದದ್ದೇ 2010ರ ಏಪ್ರಿಲ್‌ನಿಂದ, ಎರಡನೇ ಹಂತ ಬಂದದ್ದು 2013ರಲ್ಲಿ. ಹಲವು ಹಳೇ ಗಾಡಿಗಳಲ್ಲಿ ಬೇರೆ ಉಪಾಯವಿದೆ: ಡಯಾಗ್ನಾಸ್ಟಿಕ್ ಕನೆಕ್ಟರಿನ ನಿರ್ದಿಷ್ಟ ಪಿನ್ನನ್ನು ಅರ್ತಿಗೆ ಜೋಡಿಸಿ ಕೀ ಆನ್ ಮಾಡಿದರೆ ದೀಪವೇ ಮಿಣುಕಿ ಕೋಡ್ ಹೇಳುತ್ತದೆ. ಉದ್ದ ಮಿಣುಕು ಹತ್ತು, ಗಿಡ್ಡ ಮಿಣುಕು ಒಂದು. ಯಾವ ಪಿನ್ ಎಂಬುದನ್ನು ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲೇ ನೋಡಿಕೊಳ್ಳಿ. ಹದಿನಾರು ಪಿನ್ನಿನ ಕನೆಕ್ಟರಾದರೆ 16ನೇ ಪಿನ್ ನೇರ ಬ್ಯಾಟರಿಯ ಪ್ಲಸ್. ಅದಕ್ಕೆ ತಂತಿ ತಗುಲಿಸಿದರೆ ಫ್ಯೂಸ್ ಹಾರುತ್ತದೆ.

ಬಂದ ಕೋಡ್: ಒಂದು ಶಿಫ್ಟ್ ಸೊಲೆನಾಯ್ಡಿನ ಸರ್ಕ್ಯೂಟ್ ಓಪನ್, ಅಂದರೆ ಕರೆಂಟಿನ ದಾರಿ ಎಲ್ಲೋ ಕಡಿದಿದೆ. ಇಲ್ಲೇ ಹೆಚ್ಚಿನವರು ಹೊಸ ಸೊಲೆನಾಯ್ಡ್ ತರಲು ಓಡುವುದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ. ಕೋಡ್ ಹೇಳಿದ್ದು ಸರ್ಕ್ಯೂಟ್ ಎಂದು, ಸೊಲೆನಾಯ್ಡ್ ಎಂದಲ್ಲ. ಟಿಸಿಯುವಿನಿಂದ ಹೊರಟ ವೈರು, ದಾರಿಯ ಕನೆಕ್ಟರು, ಗೇರ್‌ಬಾಕ್ಸಿನ ಕನೆಕ್ಟರು, ಒಳಗಿನ ಕಾಯಿಲ್, ಅರ್ತ್, ಎಲ್ಲವೂ ಅದರಲ್ಲಿ ಸೇರಿತು.

ಬ್ಯಾಟರಿಯ ಮೈನಸ್ ಬಿಚ್ಚಿ, ಗ್ಲೋವ್‌ಬಾಕ್ಸಿನ ಹಿಂದಿರುವ ಟಿಸಿಯು ಕನೆಕ್ಟರ್ ತೆಗೆದೆ. ಮೀಟರಿನ ಮೊನೆಯನ್ನು ಕನೆಕ್ಟರಿನ ಮುಂಭಾಗದಿಂದ ತುರುಕಬಾರದು, ಪಿನ್ನಿನ ಬಾಯಿ ಅಗಲವಾಗಿ ಹೊಸ ತೊಂದರೆ ಶುರುವಾಗುತ್ತದೆ. ಹೊಲಿಗೆ ಸೂಜಿಯನ್ನು ವೈರಿನ ಬದಿಯಿಂದ, ರಬ್ಬರ್ ಸೀಲಿನ ಪಕ್ಕದಲ್ಲಿ ಇಳಿಸಿ ಅದಕ್ಕೆ ಮೀಟರ್ ಹಿಡಿಯುವುದು ಕ್ಷೇಮ. ತಣ್ಣಗಿದ್ದಾಗ ಆ ಸರ್ಕ್ಯೂಟಿನ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, 13 ಓಮ್ ಬಂತು. ಮ್ಯಾನ್ಯುಯಲ್ ಪ್ರಕಾರ ಸರಿಯೇ. ಗಾಡಿ ತಣ್ಣಗಿರುವಾಗ ಯಾರು ಅಳೆದರೂ ಏನೂ ಸಿಗದಿರುವುದು ಇದೇ ಕಾರಣಕ್ಕೆ.

ಹಾಗಾಗಿ ಗಾಡಿಯನ್ನು ಓಡಿಸಿ ಕಾಯಿಸಿ, ಬಿಸಿಯಲ್ಲೇ ಅಳೆದೆ. ತಾಮ್ರದ ರೋಧ ಒಂದು ಡಿಗ್ರಿ ಶಾಖಕ್ಕೆ ಸುಮಾರು 0.4 ಶೇಕಡಾ ಏರುತ್ತದೆ. ಅರವತ್ತು ಡಿಗ್ರಿ ಹೆಚ್ಚು ಕಾದಿದ್ದರೆ 13 ಇದ್ದದ್ದು 16ರ ಆಸುಪಾಸು ಬರಬೇಕು. ಟಿಸಿಯು ತುದಿಯಲ್ಲಿ ಅಂಕಿ ನಿಲ್ಲಲೇ ಇಲ್ಲ: 16, 40, ಮತ್ತೆ 20, ವೈರಿಂಗ್ ಅಲ್ಲಾಡಿಸಿದರೆ ಪೂರ್ತಿ ಓಪನ್. ಗೇರ್‌ಬಾಕ್ಸಿನ ಮೇಲಿನ ಕನೆಕ್ಟರ್ ಬಿಚ್ಚಿ ಸೊಲೆನಾಯ್ಡಿನ ಕಡೆ ಅಳೆದರೆ ಕದಲದ 16. ಅಲ್ಲಿಗೆ ಗೇರ್‌ಬಾಕ್ಸ್ ನಿರಪರಾಧಿ.

ಉಳಿದದ್ದು ನಡುವಿನ ವೈರು. ಅದರ ಎರಡೂ ತುದಿ ಬಿಚ್ಚಿ, ಒಂದು ತುದಿಗೆ ಬ್ಯಾಟರಿಯ ಪ್ಲಸ್ಸಿನಿಂದ 5 ಆಂಪ್ ಫ್ಯೂಸಿನ ಮೂಲಕ ಕರೆಂಟ್ ಕೊಟ್ಟು, ಇನ್ನೊಂದು ತುದಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಕಾರಿನ 10 ವ್ಯಾಟಿನ ಬಲ್ಬ್ ಕಟ್ಟಿದೆ. ಸೊಲೆನಾಯ್ಡ್ ಎಳೆಯುವಷ್ಟೇ, ಅಂದರೆ ಒಂದು ಆಂಪಿಗಿಂತ ತುಸು ಕಡಿಮೆ, ಈ ಬಲ್ಬೂ ಎಳೆಯುತ್ತದೆ. ಮೀಟರ್ ಹರಿಸುವ ಚೂರು ಕರೆಂಟಿಗೆ ಒಂದೇ ಎಳೆ ತಂತಿ ಅರೆಬರೆ ತಗುಲಿದ್ದರೂ ಸಾಕು. ಬಲ್ಬಿಗೆ ಅದು ಸಾಲದು. ಟಿಸಿಯುವನ್ನು ಬಿಚ್ಚಿರುವುದು ಇಲ್ಲಿ ಮುಖ್ಯ, ಇಲ್ಲವಾದರೆ ಅದರೊಳಗೆ ಕರೆಂಟ್ ನುಗ್ಗಿ ನಿಜವಾಗಿಯೂ ‘ಟಿಸಿಯು ಹೋಯಿತು’ ಆಗುತ್ತದೆ. ಪಕ್ಕದ ವೈರುಗಳಲ್ಲಿ ಬಲ್ಬ್ ಝಗ್ಗೆಂದು ಹತ್ತಿತು. ಈ ವೈರಿನಲ್ಲಿ ಕೆಂಪಗೆ, ಮಂಕಾಗಿ; ಬ್ಯಾಟರಿ ಟ್ರೇ ಕೆಳಗಿನ ಕನೆಕ್ಟರನ್ನು ಹಿಡಿದು ತಿರುವಿದರೆ ಆರಿಯೇ ಹೋಗುತ್ತಿತ್ತು.

ಬಿಚ್ಚಿ ನೋಡಿದರೆ ಪಿನ್ನಿನ ಬುಡದಲ್ಲಿ ಹಸಿರು ಕಿಲುಬು. ಮೇಲಿನ ಬ್ಯಾಟರಿಯ ಆಸಿಡ್ ಹನಿ ಎಷ್ಟೋ ವರ್ಷದಿಂದ ಅಲ್ಲಿಗೇ ಇಳಿದಿತ್ತು. ವೈರಿನ ಎಳೆಗಳು ಬಹುಪಾಲು ಪುಡಿಯಾಗಿದ್ದವು. ಬಿಸಿ ಏರಿದಾಗ, ಏರಿನಲ್ಲಿ ಎಂಜಿನ್ ವಾಲಿದಾಗ, ಉಳಿದವೂ ಸಂಪರ್ಕ ಬಿಡುತ್ತಿದ್ದವು.

ಆ ಕನೆಕ್ಟರ್ ಹೊಸದು ಸಿಗಲಿಲ್ಲ. ಬೆಂಗಳೂರಿಗೆ ಹೋದಾಗ ಶಿವಾಜಿನಗರದ ಗುಜರಿಯಲ್ಲಿ ಅದೇ ಮಾಡೆಲ್ಲಿನ ವೈರಿಂಗ್‌ನಿಂದ ಗೇಣುದ್ದ ವೈರು ಸಮೇತ ಕತ್ತರಿಸಿ ಕೊಟ್ಟರು, 200 ರೂಪಾಯಿ. “ಟಿಸಿಯುನೂ ಇದೆ, ತಗೊಂಡೋಗಿ ಸಾರ್” ಎಂದರು. ಬೇಡವೆಂದೆ. ಬೇಕಾಗಿದ್ದರೂ ಡಬ್ಬಿ ನೋಡಿ ಕೊಳ್ಳುವ ವಸ್ತುವಲ್ಲ ಅದು. ಪಾರ್ಟ್ ನಂಬರಿನ ಕೊನೆಯ ಅಕ್ಷರದವರೆಗೂ ಹೊಂದಬೇಕು, ಹೊರಗೆ ಒಂದೇ ಥರ ಕಂಡರೂ ಒಳಗಿನ ಪ್ರೋಗ್ರಾಂ ಬೇರೆ ಇರುತ್ತದೆ.

ಜೋಡಿಸುವಾಗ ವೈರುಗಳಿಗೆ ಬೆಸುಗೆ ಹಾಕಲಿಲ್ಲ, ಕ್ರಿಂಪ್ ಮಾಡಿದೆ, ಅಂದರೆ ಲೋಹದ ಕೊಳವೆಯೊಳಗಿಟ್ಟು ಇಕ್ಕಳದಿಂದ ಅದುಮಿದೆ. ಕೆಲವರು ಇದನ್ನು ಒಪ್ಪುವುದಿಲ್ಲ. ಆದರೆ ನಡುಗುವ ಜಾಗದಲ್ಲಿ ಬೆಸುಗೆ ಎಳೆಗಳೊಳಗೆ ಹರಿದು ವೈರು ಕಡ್ಡಿಯಾಗುತ್ತದೆ, ಬೆಸುಗೆ ಮುಗಿಯುವಲ್ಲೇ ಮುರಿಯುತ್ತದೆ ಎಂಬುದು ನನ್ನ ಲೆಕ್ಕ. ಒಳಗೆ ಅಂಟು ಸವರಿರುವ ಹೀಟ್‌ಶ್ರಿಂಕ್ (ಕಾಯಿಸಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಏರಿಸಿ, ವೈರನ್ನು ಟ್ರೇ ಕೆಳಗಿನಿಂದ ಪಕ್ಕಕ್ಕೆ ಸರಿಸಿ ಕಟ್ಟಿದೆ. ಟ್ರೇಯನ್ನು ಅಡುಗೆ ಸೋಡಾ ನೀರಿನಲ್ಲಿ ತೊಳೆದದ್ದಾಯಿತು. ಕೈ ಹಾಕಿದ್ದಾಗಲೇ ಬ್ಯಾಟರಿ ಮೈನಸ್ಸಿನಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ತ್ ಪಟ್ಟಿಯನ್ನೂ ಉಜ್ಜಿದೆ. ಸ್ಟಾರ್ಟರ್ ತಿರುಗುವಾಗ ಅದರಲ್ಲಿ ಅರ್ಧ ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತಿತ್ತು, 0.2ರ ಒಳಗಿರಬೇಕಾದದ್ದು.

ಮಲ್ಟಿಮೀಟರ್ ಮನೆಯಲ್ಲೇ ಇತ್ತು. ಕನೆಕ್ಟರ್, ಕಾಂಟ್ಯಾಕ್ಟ್ ಕ್ಲೀನರ್, ಹೀಟ್‌ಶ್ರಿಂಕ್, ಬಲ್ಬು ಎಲ್ಲ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಕೋಡ್ ಅಳಿಸಿ, ಊರೊಳಗೆ ಸುತ್ತಿ ಕಾಯಿಸಿ, ಬೆಟ್ಟ ಹತ್ತಿಸಿದೆ. ಏರಿನಲ್ಲಿ ಎರಡಕ್ಕಿಳಿದು, ತಿರುವು ದಾಟಿ ಮೂರಕ್ಕೆ ಏರಿತು. ಎರಡರಿಂದ ಮೂರಕ್ಕೆ ಹೋಗುವಾಗ ಒಂದು ಸಣ್ಣ ಒದೆತ ಈಗಲೂ ಇದೆ, ಅದು ವೈರಿಂಗ್ ಸಮಸ್ಯೆಯಲ್ಲ. ಆಯಿಲ್ ಬದಲಿಸಿ ನೋಡಬೇಕು.